ಬಲಗೈಗೆ ಬದುಕಿದವು, ಎಡಗೈಗೆ ಸತ್ತವು

ಲೆಕ್ಕದಕ್ಕನಿಗೆ ಎಡಗಣ್ಣಿಲ್ಲ. ಎಂಟನೇ ವಯಸ್ಸಿನಲ್ಲಿ ಹೋಯಿತು. ಹೇಗೆ ಎಂದು ಕೇಳಿದರೆ, "ಹಳೇ ಕತೆ ಬಿಡಿ, ಅದಿಲ್ದೇನೇ ನಲವತ್ತು ವರ್ಷ ಕಳೆದಾಯ್ತು" ಎನ್ನುತ್ತಾರೆ. ಉಳಿದ ಒಂದು ಕಣ್ಣನ್ನು ಅವರು ಈಗ ಸೂಕ್ಷ್ಮದರ್ಶಕದ ಬಲಗೊಳವೆಗೆ ಒತ್ತಿ ಕೂತಿದ್ದಾರೆ. ಎಡಗೊಳವೆಯ ಬಾಯಿಗೆ ಔಷಧಿ ಬಾಟಲಿಯ ಮುಚ್ಚಳ ಸಿಕ್ಕಿಸಿಟ್ಟಿದ್ದಾರೆ, ಧೂಳು ಕೂರದಿರಲಿ ಎಂದು. ಬೆಳಗಿನ ಆರು ಗಂಟೆ. ಹೊರಗೆ ಬೀದಿದೀಪ ಇನ್ನೂ ಆರಿಲ್ಲ. ಒಳಗೆ ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆ ಒಂದೇ ಸಮನೆ ಗುಂಯ್‌ಗುಡುತ್ತಿದೆ.

ಅವರ ಎರಡೂ ಕೈಯಲ್ಲಿ ಒಂದೊಂದು ಪುಟ್ಟ ಯಂತ್ರ. ಹೆಬ್ಬೆರಳಿನಿಂದ ಒತ್ತಿದರೆ ಟಿಕ್ ಎಂದು ಒಂದು ಅಂಕಿ ಏರುತ್ತದೆ. ಬಲಗೈ ಬದುಕಿರುವುದಕ್ಕೆ, ಎಡಗೈ ಸತ್ತದ್ದಕ್ಕೆ. ಬಲಗೈ ಮಳೆಹನಿಯಂತೆ ಟಿಕ್ ಟಿಕ್ ಎನ್ನುತ್ತಲೇ ಇದೆ. ಎಡಗೈ ಅಪರೂಪಕ್ಕೊಮ್ಮೆ ಬಾಯಿ ಬಿಡುತ್ತದೆ.

ಅವರು ಎಣಿಸುತ್ತಿರುವುದು ಮನುಷ್ಯರ ಪಿತ್ತಜನಕಾಂಗದ ಕೋಶಗಳನ್ನು. ಪ್ರಯೋಗಾಲಯದಲ್ಲಿ ಎಲ್ಲರೂ ಅದನ್ನು ಲಿವರ್ ಎಂದೇ ಕರೆಯುತ್ತಾರೆ. ಶೀಶೆಯಲ್ಲಿ ಸಾಕಿದ ಈ ಕೋಶಗಳ ಮೇಲೆ ಕಾಮಾಲೆ ತರುವ ವೈರಸ್ಸಿಗೆ ಕೊಡುವ ಔಷಧಿಗಳನ್ನು ಹಾಕಿ, ಅವು ವೈರಸ್ಸನ್ನಷ್ಟೇ ತಡೆಯುತ್ತವೆಯೋ ಕೋಶವನ್ನೂ ಕೊಲ್ಲುತ್ತವೆಯೋ ಎಂದು ನೋಡುವುದು ಇಲ್ಲಿಯ ಕೆಲಸ. ವೈರಸ್ಸಿನ ಜೊತೆಗೆ ಲಿವರನ್ನೂ ಕೆಡಿಸಿದ ಔಷಧಿಗಳು ಹಿಂದೆ ಬಂದು ಹೋಗಿವೆ. ಹಾಗಾಗಿ ಯಾರೋ ಒಬ್ಬರು ಕೂತು ಎಣಿಸಲೇಬೇಕು.

ಎಣಿಸುವ ಬಗೆ ಸರಳ. ಕೋಶಗಳಿರುವ ದ್ರವದ ಒಂದು ಹನಿಗೆ ಒಂದು ಹನಿ ನೀಲಿ ಬಣ್ಣ ಬೆರೆಸುತ್ತಾರೆ. ಬದುಕಿರುವ ಕೋಶ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಬೆಳ್ಳಗೆ ಹೊಳೆಯುತ್ತದೆ. ಸತ್ತದ್ದಕ್ಕೆ ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ನೀಲಿಯಾಗುತ್ತದೆ. ತಾನಾಗಿಯೇ ಎಣಿಸುವ ಯಂತ್ರವೂ ಮೂಲೆಯಲ್ಲಿದೆ. ಅಂಟಿಕೊಂಡ ಎರಡು ಕೋಶಗಳನ್ನು ಅದು ಒಂದೇ ಎಂದು ಎಣಿಸುತ್ತದೆ, ಕಸವನ್ನೂ ಕೋಶವೆನ್ನುತ್ತದೆ. ಅದಕ್ಕೆ ಹೊದಿಸಿದ ಬಟ್ಟೆಯನ್ನು ತೆಗೆಯುವವರಿಲ್ಲ.

"ಬಣ್ಣ ಹಾಕಿದ್ಮೇಲೆ ನನ್ನನ್ನ ಯಾರೂ ಮಾತಾಡಿಸಬಾರದು, ಬೆಂಕಿ ಬಿದ್ರೂ ಎಣಿಸಿಯೇ ಏಳೋದು" ಎನ್ನುತ್ತಾರೆ ಲೆಕ್ಕದಕ್ಕ. "ಎರಡು ಕಣ್ಣಿದ್ದೋರು ಎರಡು ಕೊಳವೇನೂ ಹೊಂದಿಸೋಕೆ ಒದ್ದಾಡ್ತಾರೆ. ನಂಗೆ ಆ ರಗಳೆ ಇಲ್ಲ ನೋಡಿ."

ಹತ್ತನೇ ತರಗತಿಗೆ ಓದು ನಿಂತಿತು. ಮೊದಲ ಕೆಲಸ ಬಟ್ಟೆ ಕಾರ್ಖಾನೆಯಲ್ಲಿ, ಗುಂಡಿಗಳನ್ನು ಎಣಿಸಿ ಪೊಟ್ಟಣ ಕಟ್ಟುವುದು. ಕಾರ್ಖಾನೆ ಮುಚ್ಚಿದಾಗ ಇಲ್ಲಿಗೆ ಗಾಜಿನ ಸಾಮಾನು ತೊಳೆಯಲು ಬಂದರು. ಆಗ ಎಣಿಸುತ್ತಿದ್ದ ಹಿರಿಯರಿಗೆ ಕೈ ನಡುಗತೊಡಗಿದ್ದರಿಂದ, ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಈಗ ದಿನಕ್ಕೆ ಇಪ್ಪತ್ತನಾಲ್ಕು ಶೀಶೆ. ಮಧ್ಯಾಹ್ನಕ್ಕೆ ಕಣ್ಣು ಉರಿಯುತ್ತದೆ, ಕತ್ತು ಕಲ್ಲಾಗಿರುತ್ತದೆ. ಹೊರಡುವಾಗ ಗೇಟಿನಜ್ಜ ದಿನವೂ ಒಂದೇ ಪ್ರಶ್ನೆ ಕೇಳುತ್ತಾನೆ: "ಏನಕ್ಕಾ, ಇವತ್ತು ಸತ್ತೋರೆಷ್ಟು?" ಇವರು ಒಂದು ಅಂಕಿ ಹೇಳುತ್ತಾರೆ. ಅಜ್ಜ ಪಾಪ ಎಂದು ಲೊಚಗುಟ್ಟುತ್ತಾನೆ. ಅವನಿಗೆ ಇದು ತಮಾಷೆ. ಇವರಿಗೂ ತಮಾಷೆಯೇ, ಮೂರು ತಿಂಗಳ ಹಿಂದಿನ ಒಂದು ದಿನವನ್ನು ಬಿಟ್ಟರೆ.

ಆ ದಿನದ ಮಾತಿಗೆ ಮೊದಲು ತಮ್ಮನ ಮಾತು. ಲೆಕ್ಕದಕ್ಕ ಇರುವುದು ತಮ್ಮನ ಮನೆಯಲ್ಲಿ. ಎರಡು ಕೋಣೆ, ತಮ್ಮ, ಅವನ ಹೆಂಡತಿ, ಶಾಲೆಗೆ ಹೋಗುವ ಮಗಳು. ತಮ್ಮ ಲಿಫ್ಟ್ ರಿಪೇರಿಯವನು. ನಾಲ್ಕು ವರ್ಷದ ಹಿಂದೆ ಯಾರಿಗೋ ರಕ್ತ ಕೊಡಲು ಹೋದವನಿಗೆ, ನಿನ್ನ ರಕ್ತ ಬೇಡ, ನಿನಗೆ ಹೆಪಟೈಟಿಸ್ ಬಿ ಇದೆ, ಕಾಮಾಲೆಯ ವೈರಸ್ಸು ಎಂದರು. ಹೆಂಡತಿಗೂ ಮಗಳಿಗೂ ಪರೀಕ್ಷೆಯಾಯಿತು, ಇಬ್ಬರಿಗೂ ಇರಲಿಲ್ಲ, ಲಸಿಕೆ ಹಾಕಿಸಿದರು. ಅವನಿಗೆ ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಎಷ್ಟು ದಿನ ಎಂದು ಕೇಳಿದ. ಡಾಕ್ಟರು, ಸದ್ಯಕ್ಕೆ ನಿಲ್ಲಿಸುವ ಯೋಚನೆಯೇ ಬೇಡ ಎಂದರು.

ಆ ಮಾತ್ರೆ ಮಾಡುವುದೇನು ಎಂಬುದನ್ನು ಪ್ರಯೋಗಾಲಯದ ಮೇಡಂ ಹೇಳಿಕೊಟ್ಟಿದ್ದರು. ಲೆಕ್ಕದಕ್ಕ ಅದನ್ನು ಮನೆಯವರಿಗೆ ಹೇಳುವುದು ಹೀಗೆ: "ವೈರಸ್ಸು ಕೋಶದೊಳಗೆ ಬಾಡಿಗೆದಾರನ ಹಾಗೆ ಸೇರ್ಕೊಳ್ಳುತ್ತೆ. ಮನೆ ಒಡೆಯೋದು ಅದಲ್ಲ. ಕೂತಲ್ಲೇ ಮರಿ ಹಾಕ್ತಾ ಇರುತ್ತೆ, ಅಷ್ಟೆ. ಅದನ್ನ ಹಿಡಿಯೋಕೆ ಬರ್ತಾರಲ್ಲ ನಮ್ಮ ಮೈಯೊಳಗಿನ ಪೊಲೀಸರು, ಅವರು ಬಾಗಿಲು ತಟ್ಟಲ್ಲ, ಮನೇನೇ ಕೆಡವ್ತಾರೆ. ಕಣ್ಣು ಹಳದಿಯಾಗೋದು ಆಗ. ಮಾತ್ರೆ ಬಾಡಿಗೆದಾರನನ್ನ ಓಡಿಸಲ್ಲ. ಮರಿ ಹಾಕದ ಹಾಗೆ ಕೈ ಕಟ್ಟಿ ಕೂರಿಸುತ್ತೆ. ಕಟ್ಟು ಬಿಚ್ಚಿದ್ರೆ ಮತ್ತೆ ಶುರು." ಸಿ ಎಂಬ ಇನ್ನೊಂದು ಬಗೆಯ ವೈರಸ್ಸನ್ನು ಕೆಲವು ತಿಂಗಳ ಮಾತ್ರೆ ಹೆಚ್ಚಿನವರಲ್ಲಿ ಪೂರ್ತಿ ಓಡಿಸಿಬಿಡುತ್ತದೆ. ತಮ್ಮನದು ಆ ಬಗೆಯದಲ್ಲ.

ತಮ್ಮನಿಗೆ ಒಂದೇ ಗುಮಾನಿ. ನೋವಿಲ್ಲ, ಜ್ವರವಿಲ್ಲ, ಮತ್ತೇಕೆ ಮಾತ್ರೆ? ದಿನಾ ನುಂಗಿದರೆ ಮಾತ್ರೆಯೇ ಲಿವರನ್ನು ಸುಡುತ್ತದೆ ಎಂದು ಜೊತೆಯ ಕೆಲಸಗಾರರು ತಲೆಗೆ ತುಂಬಿದ್ದರು.

"ಕೆಡದೇ ಇರೋದನ್ನ ಯಾರಾದ್ರೂ ದಿನಾ ರಿಪೇರಿ ಮಾಡ್ತಾರಾ ಅಕ್ಕ?"

"ನಿನ್ನ ಲಿಫ್ಟಿನ ಬ್ರೇಕು ಒಂದು ದಿನ ಹಾಗಂದ್ಕೊಂಡು ರಜಾ ಹಾಕ್ಲಿ, ಆಮೇಲೆ ಹೇಳು. ನುಂಗು ಬಾಯ್ಮುಚ್ಕೊಂಡು."

"ಬಾಯ್ಮುಚ್ಕೊಂಡು ನುಂಗೋದು ಹೆಂಗೆ?"

ನಾಲ್ಕು ವರ್ಷ ರಾತ್ರಿಯೂಟದ ಹೊತ್ತಿಗೆ ಈ ಜಗಳ ತಪ್ಪಿದ್ದಿಲ್ಲ. ಜಗಳದ ಕೊನೆಗೆ ಅವನು ನುಂಗುತ್ತಿದ್ದ. ನುಂಗುತ್ತಿದ್ದಾನೆ ಎಂದೇ ಎಲ್ಲರೂ ತಿಳಿದಿದ್ದರು.

ಮೂರು ತಿಂಗಳ ಹಿಂದೆ ಒಂದು ಬೆಳಿಗ್ಗೆ ಫೋನು ಬಂತು. ತಮ್ಮನ ಹೆಂಡತಿ. "ಅತ್ತಿಗೇ, ಇವರ ಕೆಲಸದ ಅಂಗಿ ಒಗೆಯೋಕೆ ತೆಗೆದೆ. ಜೇಬಿನ ತುಂಬ ಮಾತ್ರೆ, ಎಣಿಸಿದ್ರೆ ಇಪ್ಪತ್ತೊಂದು. ಮೂರು ವಾರದಿಂದ ಬಾಯಿಗಿಟ್ಕೊಂಡು ಆಮೇಲೆ ಜೇಬಿಗೆ ಉಗುಳಿದಾರೆ." ಅಳುತ್ತಿದ್ದಳು. ಲೆಕ್ಕದಕ್ಕ ಹೊರಗಿನ ಪಡಸಾಲೆಗೆ ಹೋಗಿ ಅವಳನ್ನು ಸಮಾಧಾನಪಡಿಸಿ, ತಮ್ಮನಿಗೆ ಫೋನು ಮಾಡಿ, ಅವನು ಎತ್ತದಿದ್ದಾಗ ಮತ್ತೊಮ್ಮೆ ಮಾಡಿ, ಕಣ್ಣೊರೆಸಿಕೊಂಡು ಬಂದು ಕೂತರು. ಎಣಿಸಬೇಕಿದ್ದ ಶೀಶೆ ತಮ್ಮ ನುಂಗಬೇಕಿದ್ದ ಮಾತ್ರೆಯದೇ. ಹೊಸ ಔಷಧಿಗಳನ್ನು ಪರೀಕ್ಷಿಸುವಾಗ, ಹೋಲಿಸಿ ನೋಡಲು ಈಗಾಗಲೇ ಬಳಕೆಯಲ್ಲಿರುವ ಈ ಮಾತ್ರೆಯ ಒಂದು ಶೀಶೆಯನ್ನೂ ಇಡುತ್ತಾರೆ. ಏನೂ ಹಾಕದ ಇನ್ನೊಂದು ಶೀಶೆಯನ್ನು ಆಗಲೇ ಎಣಿಸಿದ್ದರು. ನೂರಕ್ಕೆ ಏಳು ಸತ್ತಿದ್ದವು. ಶೀಶೆಯಲ್ಲಿ ಸಾಕಿದ ಕೋಶಗಳಲ್ಲಿ ಅಷ್ಟು ಸಾಯುವುದು ಮಾಮೂಲು.

ಆವತ್ತು ಎಡಗೈ ಸುಮ್ಮನಾಗಲೇ ಇಲ್ಲ. ಟಿಕ್, ಟಿಕ್, ಟಿಕ್. ಕಣ್ಣಿಟ್ಟಲ್ಲೆಲ್ಲ ನೀಲಿ. ನೂರಕ್ಕೆ ನಲವತ್ತೊಂದು.

ಮೇಡಂ ಆ ದಿನ ರಜೆಯಲ್ಲಿದ್ದರು. ಲೆಕ್ಕದಕ್ಕ ಅಂಕಿ ಬರೆದಿಟ್ಟು ಹೊರಟರು. ಗೇಟಿನಲ್ಲಿ ಅಜ್ಜ ತನ್ನ ಪ್ರಶ್ನೆ ಕೇಳಿದ. ಕೇಳದವರ ಹಾಗೆ ಹೊರಟುಹೋದರು. "ದಾರಿಯುದ್ದಕ್ಕೂ ಒಂದೇ ಯೋಚನೆ. ನಾಲ್ಕು ವರ್ಷ ಬೈದು ಬೈದು ನಾನೇ ಅವನಿಗೆ ವಿಷ ನುಂಗಿಸಿದ್ನಾ ಅಂತ" ಎನ್ನುತ್ತಾರೆ.

ರಾತ್ರಿ ಊಟಕ್ಕೆ ಕೂತಾಗ ತಮ್ಮ ಬೈಗುಳಕ್ಕೆ ಸಿದ್ಧವಾಗಿಯೇ ಇದ್ದ. ತಟ್ಟೆಯ ಪಕ್ಕದಲ್ಲಿ ಹೆಂಡತಿ ಮಾತ್ರೆ ಇಟ್ಟಿದ್ದಳು. ಅಕ್ಕ ಅವನ ತಟ್ಟೆಗೆ ಸಾರು ಬಡಿಸಿದರು.

"ಯಾಕಕ್ಕ, ಇವತ್ತು ಪೂಜೆ ಇಲ್ವಾ ನಂಗೆ?"

"ಊಟ ಮಾಡೋ ಸುಮ್ನೆ."

ಮಾತ್ರೆ ಅಲ್ಲೇ ಉಳಿಯಿತು. ಅವನು ಅದನ್ನು ನೋಡಿದ, ಅಕ್ಕನನ್ನು ನೋಡಿದ, ಎದ್ದು ಕೈ ತೊಳೆದ.

ಮರುದಿನ ಮೇಡಂ ಅಂಕಿ ನೋಡಿ ಹುಬ್ಬು ಗಂಟಿಕ್ಕಿದರು. ಗದರಲಿಲ್ಲ. ಒಂದೇ ಪ್ರಶ್ನೆ ಕೇಳಿದರು. "ಬಣ್ಣ ಹಾಕಿ ಎಷ್ಟೊತ್ತಿಗೆ ಎಣಿಸಿದ್ರಿ?"

ನೀಲಿ ಬಣ್ಣವೂ ಕೋಶಕ್ಕೆ ವಿಷವೇ. ಐದು ನಿಮಿಷದೊಳಗೆ ಎಣಿಸಿ ಮುಗಿಸಬೇಕು. ತಡವಾದರೆ ಗಟ್ಟಿಯಾಗಿದ್ದ ಕೋಶಗಳೂ ಒಂದೊಂದಾಗಿ ಸೋತು ಬಣ್ಣ ಕುಡಿಯುತ್ತವೆ. ಇದು ಲೆಕ್ಕದಕ್ಕನಿಗೆ ಮೊದಲ ದಿನವೇ ಕಲಿಸಿದ್ದ ಪಾಠ. ಅವರು ಹೊಸಬರಿಗೆ ಕಲಿಸುವ ಮೊದಲ ಪಾಠವೂ ಅದೇ. ಫೋನು ಬಂದಾಗ ಬಣ್ಣ ಹಾಕಿಯಾಗಿತ್ತು. ಪಡಸಾಲೆಯಲ್ಲಿ ಅರ್ಧ ಗಂಟೆಯಾದರೂ ಕಳೆದಿತ್ತು.

"ಥೂ, ನನ್ನ ಬುದ್ಧಿಗಿಷ್ಟು" ಎಂದವರೇ ಅಂಗಿಯ ತೋಳು ಮಡಚಿದರು. ಅದೇ ಮಾತ್ರೆ ಹಾಕಿದ್ದ ಮತ್ತೊಂದು ಶೀಶೆ ಪೆಟ್ಟಿಗೆಯಲ್ಲಿತ್ತು. ಹೊಸ ಹನಿ, ಹೊಸ ಬಣ್ಣ. ಫೋನನ್ನು ಮೇಡಂ ಕೈಗೆ ಕೊಟ್ಟು ಕೂತರು. ಬಲಗೈ ಓಡಿತು. ಎಡಗೈ ಕಾದಿತ್ತು, ಒಮ್ಮೆ ಒತ್ತಿತು, ಮತ್ತೆ ಕಾದಿತ್ತು. ಮುಗಿದಾಗ ನೂರಕ್ಕೆ ಏಳು. ಏನೂ ಹಾಕದ ಶೀಶೆಯಲ್ಲಿದ್ದಷ್ಟೇ.

ಲೆಕ್ಕದಕ್ಕ ನಿನ್ನೆಯ ನಲವತ್ತೊಂದಕ್ಕೆ ಗೆರೆ ಎಳೆದು ಪಕ್ಕದಲ್ಲಿ ಏಳು ಎಂದು ಬರೆದರು. ಫೋನಿನ ವಿಷಯ ಕೇಳಿದ ಮೇಡಂ ನೀರು ತಂದುಕೊಟ್ಟು, "ಶೀಶೆಯ ಕೋಶ ಬೇರೆ, ಮನುಷ್ಯ ಬೇರೆ. ಇವತ್ತೇ ತಮ್ಮನ ರಕ್ತ ಪರೀಕ್ಷೆ ಮಾಡಿಸಿ" ಎಂದರು. ಆವತ್ತು ಗೇಟಿನಲ್ಲಿ ಅಜ್ಜ ಬಾಯಿ ತೆರೆಯುವ ಮೊದಲೇ ಇವರು, "ಏಳು, ಬರೀ ಏಳು" ಎಂದು ಹೇಳಿ ಓಡಿದರು. ಅಜ್ಜನಿಗೆ ತಲೆಬುಡ ತಿಳಿಯಲಿಲ್ಲ.

ತಮ್ಮನನ್ನು ಕೆಲಸದ ಜಾಗದಿಂದಲೇ ಎಳೆದೊಯ್ದರು. ರಕ್ತದ ವರದಿಯಲ್ಲಿ ವೈರಸ್ಸು ಏರತೊಡಗಿತ್ತು, ಲಿವರಿನ ಅಂಕಿಗಳೂ ತುಸು ಮೇಲೆ ಹೋಗಿದ್ದವು. ಇನ್ನೊಂದಷ್ಟು ವಾರ ಬಿಟ್ಟಿದ್ದರೆ ನೀನು ಹಾಸಿಗೆ ಹಿಡಿಯುತ್ತಿದ್ದೆ, ಸದ್ಯ ಬೇಗ ಬಂದೆ ಎಂದರು ಡಾಕ್ಟರು. ನಾಲ್ಕು ವರ್ಷದಲ್ಲಿ ಮಾತ್ರೆಯಿಂದ ಏನಾದರೂ ಸುಟ್ಟಿದೆಯಾ ಎಂದು ತಮ್ಮ ಕೇಳಿದ. ಏನೂ ಇಲ್ಲ ಎಂದರು. ಆ ರಾತ್ರಿ ಅವನೇ ಮಾತ್ರೆ ಬಿಡಿಸಿಕೊಂಡ. ನುಂಗಿ, ಬಾಯಿ ಅಗಲಿಸಿ, ನಾಲಿಗೆ ಎತ್ತಿ ತೋರಿಸಿದ. ಮಗಳು ಟಾರ್ಚ್ ಹಾಕಿ ನೋಡಿ ಪಾಸು ಎಂದಳು. ಆ ತಪಾಸಣೆ ಇವತ್ತಿಗೂ ನಡೆಯುತ್ತಿದೆ.

ಈಗ ಗಂಟೆ ಎರಡು. ಲೆಕ್ಕದಕ್ಕ ಗಾಜು ಒರೆಸಿ, ಎಡಗೊಳವೆಯ ಮುಚ್ಚಳ ಸರಿಮಾಡಿ ಏಳುತ್ತಾರೆ. ಫೋನು ಈಗ ಬಾಗಿಲಾಚೆಯ ಮೊಳೆಗೆ ನೇತುಹಾಕಿದ ಚೀಲದಲ್ಲಿರುತ್ತದೆ. ಏನಾದರೂ ಬೇಕೇ ಎಂದರೆ ಬಹಳ ಯೋಚಿಸಿ, "ಬೆನ್ನಿಗೆ ಆನಿಕೆ ಇರೋ ಒಂದು ಸ್ಟೂಲು ಕೊಟ್ರೆ ಚೆನ್ನಾಗಿತ್ತು" ಎನ್ನುತ್ತಾರೆ.

ಗೇಟಿನಾಚೆ ತಮ್ಮ ಬೈಕಿನ ಮೇಲೆ ಕಾಯುತ್ತಿದ್ದಾನೆ. ನಿನ್ನೆ ಬಂದ ರಕ್ತದ ವರದಿಯಲ್ಲಿ ಲಿವರಿನ ಅಂಕಿಗಳೆಲ್ಲ ಇಳಿದು ಸರಿಹೋಗಿವೆ. ಅವನ ಕಣ್ಣಿನ ಬಿಳಿ ಬಿಳಿಯಾಗಿಯೇ ಇದೆ. ಅಕ್ಕ ಬಂದು ಹಿಂದೆ ಕೂರುವಷ್ಟರಲ್ಲಿ ಅಜ್ಜ ಕುರ್ಚಿಯಿಂದಲೇ ಕೂಗುತ್ತಾನೆ.

"ಏನಕ್ಕಾ, ಇವತ್ತು ಸತ್ತೋರೆಷ್ಟು?"

"ನೂರಕ್ಕೆ ಆರು."