ಅವ್ವನ ನಡುವಿನ ಮೇಕೆಗಂಟೆ

ಅವ್ವನಿಗೆ ಕಟ್ಟಿದ್ದ ಗಂಟೆಯನ್ನು ನಾನು ಮೊದಲು ನೋಡಲಿಲ್ಲ, ಕೇಳಿಸಿಕೊಂಡೆ. ಪಾವಗಡದ ಬಸ್ಸಿಳಿದು ಊರಿಗೆ ಬಂದು ಜಗಲಿಯ ಮೇಲೆ ಚೀಲ ಇಟ್ಟಿದ್ದೆ. ಒಳಗಿಂದ ಮೇಕೆ ಬರುವ ಸದ್ದು. ಮೇಕೆಗಳನ್ನೆಲ್ಲ ಅಣ್ಣ ಮಾರಿ ಎಷ್ಟೋ ವರ್ಷವಾಯಿತಲ್ಲ ಅಂದುಕೊಳ್ಳುವಷ್ಟರಲ್ಲಿ ಅವ್ವ ಬಾಗಿಲಿಗೆ ಬಂದಳು. ನಡುವಿನ ಹಿಂಭಾಗದಲ್ಲಿ, ಅವಳ ಕೈಗೆ ಎಟುಕದ ಹಾಗೆ, ಕರಿದಾರದಲ್ಲಿ ಗಂಟೆ.

ಕಟ್ಟಿದವನು ಅಣ್ಣ. ಕೆಟ್ಟವನಲ್ಲ. ಕೆಲವು ತಿಂಗಳಿಂದ ಅವ್ವ ಕೋಲು ಹಿಡಿದು ಇಲ್ಲದ ಮೇಕೆಗಳನ್ನು ಹುಡುಕಿಕೊಂಡು ಹೊರಟುಬಿಡುತ್ತಿದ್ದಳು. ಅವಳು ಮೇಯಿಸುತ್ತಿದ್ದ ಬಯಲಲ್ಲಿ ಈಗ ಸೋಲಾರ್ ಫಲಕಗಳು, ಸುತ್ತ ತಂತಿಬೇಲಿ. ಬೇಲಿಯ ಪಕ್ಕ ಕೂತಿದ್ದವಳನ್ನು ಅತ್ತಿಗೆ ಎರಡು ಸಲ ಕರೆತಂದಿದ್ದಳು.

"ಅರವತ್ತಕ್ಕೆ ಅರಳು ಮರಳು ಅಂತ ಸುಮ್ನೆ ಅಂದವ್ರಾ? ಇದಕ್ಕೆ ಔಷ್ದಿ ಇಲ್ಲ ಕಣಮ್ಮ. ಗಂಟೆ ಇದ್ರೆ ಎಲ್ಲಿಗೋದ್ಲು ಅಂತನಾದ್ರೂ ಗೊತ್ತಾಯ್ತದೆ" ಅಂದ ಅಣ್ಣ.

ನನಗೆ ಮೈಯೆಲ್ಲ ಉರಿಯಿತು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ಮಧುಗಿರಿಯ ಶಾಲೆಯಲ್ಲಿ ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದವಳು ನಾನು. ಅವತ್ತು ಮನಸ್ಸಿನಲ್ಲೇ ಅದನ್ನು ಒರೆಸಿಹಾಕಿದೆ. ಅಣ್ಣನ ಮೇಲೆ ಕೂಗಾಡಿ, ಕುಡುಗೋಲು ತಂದು ದಾರ ಕುಯ್ದೆ. ಗಂಟೆಯನ್ನು ಎಸೆಯಹೋದರೆ ಅವ್ವ ಕೈಚಾಚಿ ಇಸಿದುಕೊಂಡು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು. ಅವಳನ್ನು ಮಧುಗಿರಿಗೆ ಕರೆತಂದೆ.

ತುಮಕೂರಿನ ಡಾಕ್ಟರಮ್ಮ ಹೇಳಿದರು: "ಮರೆವಿಗೆ ಕಾರಣ ಒಂದೇ ಅಲ್ಲ. ಥೈರಾಯ್ಡ್ ಇರಬಹುದು, ವಿಟಮಿನ್ ಕಮ್ಮಿ ಇರಬಹುದು, ನುಂಗೋ ಮಾತ್ರೆಯೇ ಇರಬಹುದು. ರಕ್ತ ಪರೀಕ್ಷೆ ಮಾಡಿಸಿ. ಮನೇಲಿರೋ ಮಾತ್ರೆ ಕವರ್ ಪೂರ್ತಿ ತನ್ನಿ."

ಮುಂದಿನ ವಾರ ಕವರನ್ನು ಅವರ ಮೇಜಿನ ಮೇಲೆ ಸುರಿದೆ. ನೆಗಡಿಯದು, ಮೈಕಡಿತದ್ದು, ಗ್ಯಾಸಿನದು, ನಿದ್ದೆಯದು. ನಿದ್ದೆ ಮಾತ್ರೆಯ ಪಟ್ಟಿಯನ್ನು ಎತ್ತಿ ಹಿಡಿದು, "ಇದನ್ಯಾರು ಕೊಟ್ಟಿದ್ದು?" ಅಂದರು.

ನಾನು. ಅಪ್ಪ ಸತ್ತಮೇಲೆ ಅವ್ವ ನಿದ್ದೆ ಬರಲ್ಲ ಅಂದಾಗ ಮೆಡಿಕಲ್ ಸ್ಟೋರಿನಲ್ಲಿ ಬಾಯಿಮಾತಲ್ಲೇ ಕೇಳಿ ತಂದುಕೊಟ್ಟವಳು ನಾನೇ. ಖಾಲಿಯಾದಾಗಲೆಲ್ಲ ಅಣ್ಣ ಅದೇ ಪಟ್ಟಿ ತೋರಿಸಿ ತರುತ್ತಿದ್ದ. ಗಂಟೆಗಾಗಿ ಅಷ್ಟು ಕೂಗಾಡಿದವಳಿಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

ನಿದ್ದೆ ಮಾತ್ರೆಯನ್ನು ಒಮ್ಮೆಗೇ ಅಲ್ಲ, ಮೆಲ್ಲಗೆ ಕಡಿಮೆ ಮಾಡಿಸಿದರು. ಮಂಪರು ತರುವ ನೆಗಡಿ, ಕಡಿತದ ಮಾತ್ರೆಗಳೂ ನಿಂತವು. ವಿಟಮಿನ್ ಕಮ್ಮಿಯೆಂದು ಇಂಜೆಕ್ಷನ್ ಶುರುವಾಯಿತು. "ಒಂದಷ್ಟು ವಾಪಸ್ ಬರತ್ತೆ, ಪೂರ್ತಿ ಬರಲ್ಲ. ಒಳಗೆ ಮರೆವಿನ ಕಾಯಿಲೆಯೂ ಇದೆ. ನಡೆಸಿ, ಕೆಲಸ ಕೊಡಿ, ಮಾತಾಡಿಸಿ" ಅಂದರು.

ಮೂರು ತಿಂಗಳಿಗೆ ಅವ್ವನ ಮಂಪರು ಇಳಿಯಿತು. ಕಡಲೆಕಾಯಿ ಸುಲಿಯುತ್ತಾಳೆ, ನನ್ನ ಚಟ್ನಿಗೆ ಉಪ್ಪಿಲ್ಲ ಎಂದು ಬೈಯುತ್ತಾಳೆ. ಕೆಲವು ದಿನ ಅಪ್ಪನಿಗೆ ಊಟ ಇಟ್ಟೆಯಾ ಎಂದೂ ಕೇಳುತ್ತಾಳೆ. ದಿನಾ ಸಂಜೆ ಅವಳನ್ನು ಕರೆದುಕೊಂಡು ನಡೆಯಲು ಹೊರಡುತ್ತೇನೆ. "ಈ ವಯಸ್ಸಲ್ಲಿ ಯಾಕ್ ಟೀಚರೇ ಇಷ್ಟೊಂದ್ ಒದ್ದಾಟ?" ಎಂದ ಪಕ್ಕದ ಮನೆಯವರಿಗೆ, ನಿಮಗೂ ಆ ವಯಸ್ಸು ಬರುತ್ತದೆ, ಆಗ ಹೇಳುತ್ತೇನೆ ಅಂದೆ. ಕಾಯಿಲೆ ಗೆಲ್ಲುತ್ತದೆಂದು ನನಗೂ ಗೊತ್ತು. ಆದರೆ ಪುಕ್ಕಟೆಯಾಗಿ ಒಂದು ದಿನವನ್ನೂ ಅದಕ್ಕೆ ಬಿಟ್ಟುಕೊಡುವವಳಲ್ಲ ನಾನು.

ಮೊನ್ನೆ ಅಣ್ಣ ಬಂದ. ಅವ್ವ ಅವನ ಗುರುತು ಹಿಡಿದು ನೀರು ಕೊಟ್ಟಳು. ಆಮೇಲೆ ಎಲೆಅಡಿಕೆ ಚೀಲದಲ್ಲಿ ತಡಕಾಡಿ ಗಂಟೆಯನ್ನು ತೆಗೆದು ಅವನ ಮುಂದೆ ಇಟ್ಟಳು.

"ಇದು ನಮ್ ಮೇಕೇದು. ನಂಗ್ಯಾಕ್ಲಾ ಕಟ್ಟಿದ್ದೆ?"

ಯಾವುದನ್ನು ಅವಳು ಮರೆತಿರಲಿ ಎಂದು ಅಣ್ಣ ಬೇಡಿಕೊಂಡಿದ್ದನೋ ಅದನ್ನೇ ಅವಳು ಮರೆತಿರಲಿಲ್ಲ. ನಿದ್ದೆ ಮಾತ್ರೆ ಕೊಟ್ಟವರು ಯಾರೆಂದು ಅವ್ವ ಕೇಳಲಿಲ್ಲ. ಅದನ್ನು ನಾನೇ ಹೇಳಿದೆ.

ಅವ್ವ ನಮ್ಮಿಬ್ಬರನ್ನೂ ನೋಡಿದಳು. ಗಂಟೆಯನ್ನು ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು.

"ಎದ್ದೇಳ್ರಿ ಇಬ್ರೂವೆ, ಹೊತ್ತು ಮುಳುಗೋದ್ರೊಳ್ಗೆ ನಡ್ಕೊಂಡು ಬರಾನ" ಅಂದಳು. ಮುಂದೆ ಅವಳೇ ನಡೆದಳು.