ಒಂದು ಕೈ ದೂರದ ಸೋದರತ್ತೆ

ಹಂದಿಜ್ವರ ಬಂದ 2009ರಲ್ಲಿ ನಾನು ಕೊಚ್ಚಿಯ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಆ ದಿನಗಳ ಬಗ್ಗೆ ಬರೆಯಲು ಕುಳಿತಾಗಲೆಲ್ಲ ಒಂದು ಅನುಮಾನ ಕಾಡುತ್ತದೆ. ಎಷ್ಟೋ ವರ್ಷಗಳ ಮೇಲೆ ಬಂದ ದೊಡ್ಡ ರೋಗದ ನೆನಪುಗಳು ಹಿಂದಕ್ಕೆ ಹರಿದು ಇದರೊಳಗೆ ಸೇರಿಕೊಂಡಿವೆಯೇ? ಮೆಸ್ಸಿನ ಬಾಗಿಲಲ್ಲಿ ಸುಣ್ಣದಿಂದ ಬರೆದ ವೃತ್ತಗಳು ಕಣ್ಣಿಗೆ ಕಟ್ಟುತ್ತವೆ. ಅವು ಆಗಿನವಲ್ಲ ಎಂದು ಗೊತ್ತು. ಹಾಗಾಗಿ ವೃತ್ತಗಳನ್ನು ಅಳಿಸಿ, ಉಳಿದದ್ದನ್ನಷ್ಟೇ ಬರೆಯುತ್ತೇನೆ.

ನಿಯಮಗಳು ಮೇಲಿಂದ ಮೇಲೆ ಬದಲಾಗುತ್ತಿದ್ದದ್ದಂತೂ ನಿಜ. ಮೊದಲು, ವಿದೇಶದಿಂದ ಬಂದವರು ತರಗತಿಗೆ ಬರಬಾರದು ಎಂದರು. ನಮ್ಮ ವಿಭಾಗದಲ್ಲಿ ಹಾಗೆ ಬಂದಿದ್ದವರು ಒಬ್ಬ ಪ್ರೊಫೆಸರ್ ಮಾತ್ರ. ಅವರು ಖುಷಿಯಿಂದ ಮನೆಯಲ್ಲೇ ಉಳಿದರು, ನಮಗೂ ಖುಷಿಯಾಯಿತು. ಆಮೇಲೆ ಎಲ್ಲರಿಗೂ ಮಾಸ್ಕ್ ಕಡ್ಡಾಯವಾಯಿತು. ಔಷಧಿ ಅಂಗಡಿಗಳಲ್ಲಿ ಮಾಸ್ಕ್ ಮುಗಿದ ಮೇಲೆ, ಕೆಮ್ಮುವವರಿಗೆ ಮಾತ್ರ ಮಾಸ್ಕ್, ಉಳಿದವರಿಗೆ ಕರವಸ್ತ್ರ ಸಾಕು ಎಂದಾಯಿತು. ಪ್ರಯೋಗಾಲಯದ ಎ.ಸಿ. ನಿಲ್ಲಿಸಿ ಕಿಟಕಿಗಳನ್ನೆಲ್ಲ ತೆರೆಸಿದರು. ಮಳೆ ಒಳಗೆ ನುಗ್ಗಿ ತಕ್ಕಡಿ ನೆನೆದಾಗ, ಕಿಟಕಿ ಅರ್ಧ ತೆರೆದರೆ ಸಾಕೆಂಬ ತಿದ್ದುಪಡಿ ಬಂತು. ಇವು ಬಂದದ್ದು ಇದೇ ಕ್ರಮದಲ್ಲೋ ಅಲ್ಲವೋ, ಆಣೆ ಮಾಡಿ ಹೇಳಲಾರೆ. ಒಂದು ನಿಯಮ ಮಾತ್ರ ಚೆನ್ನಾಗಿ ನೆನಪಿದೆ, ಏಕೆಂದರೆ ಅದು ನನ್ನ ಕಾಲಿಗೇ ತೊಡರಿಕೊಂಡಿತು: ಹಾಸ್ಟೆಲಿನಲ್ಲಿ ಕೆಮ್ಮು, ಜ್ವರ ಇದ್ದವರು ಕೋಣೆ ಬಿಡಬಾರದು, ಊರಿಗೆ ಹೋಗುವವರಿಗೆ ಆರೋಗ್ಯ ಕೇಂದ್ರದ ಡಾಕ್ಟರ ಒಪ್ಪಿಗೆ ಬೇಕು.

ಆ ಭಾನುವಾರ ನಾನು ತಿರುವನಂತಪುರಕ್ಕೆ ಹೋಗಲೇಬೇಕಿತ್ತು. ಅಣ್ಣ ಅಲ್ಲಿನ ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ ಕೆಲಸದಲ್ಲಿದ್ದ. ಅವನ ಮಗಳಿಗೆ ಅಂದು ಹೆಸರಿಡುವುದಿತ್ತು. ನಮ್ಮ ಧಾರವಾಡದ ಕಡೆ ತೊಟ್ಟಿಲ ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಮೊದಲು ಹೆಸರು ಹೇಳುವವಳು ಸೋದರತ್ತೆ. ಅವಳು ಹೇಳುತ್ತಿರುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅಣ್ಣನಿಗೆ ಇರುವವಳು ನಾನೊಬ್ಬಳೇ ತಂಗಿ.

ಬಾಣಂತನಕ್ಕೆಂದು ಅಲ್ಲೇ ಬಂದಿದ್ದ ಅವ್ವ ಫೋನಿನಲ್ಲಿ ಹೇಳಿದ್ದಳು: "ನೀ ಬರಲಿಲ್ಲಂದ್ರ ಕೂಸಿಗೆ ಹೆಸರಿಲ್ಲ ನೋಡು. ಸಾಲಿಗೆ ಹೋಗೂತನಕ ಕೂಸು ಅಂತನ ಕರಿಯೂದು."

ಅವಳ ಕೈಯಿಂದ ಫೋನ್ ಕಸಿದುಕೊಂಡು ಅಣ್ಣ, "ಬರೂವಾಗ ಕೆಂಪು ಚಟ್ನಿಪುಡಿ ಮಾಡ್ಕೊಂಡು ಬಾರವಾ. ಬಾಣಂತಿ ಮನ್ಯಾಗ ಮೆಣಸಿನಕಾಯಿ ಹುರಿಯಾಕ ಅವ್ವ ಬಿಡವಲ್ಲಳು," ಎಂದ.

ಬಾಣಂತಿ ಮನೆಯಲ್ಲಿ ಯಾಕೆ ಹುರಿಯಬಾರದು ಎಂದು ನಾನು ಒಂದು ಕ್ಷಣ ಯೋಚಿಸಿದ್ದರೂ ಸಾಕಿತ್ತು. ಶುಕ್ರವಾರ ಮಧ್ಯಾಹ್ನ ನಮ್ಮ ಮಹಡಿಯ ಪುಟ್ಟ ಅಡುಗೆಮನೆಯಲ್ಲಿ ಬಾಣಲೆ ಇಟ್ಟು ಒಂದು ಬೊಗಸೆ ಬ್ಯಾಡಗಿ ಮೆಣಸಿನಕಾಯಿ ಹಾಕಿದೆ. ಬೇರೆ ದಿನಗಳಲ್ಲಾದರೆ ಘಾಟು ಹಿತ್ತಲ ಕಡೆ ಹೋಗುತ್ತಿತ್ತು. ಹಾಸ್ಟೆಲಿಗೂ ಬಂದಿದ್ದ ಹೊಸ ನಿಯಮದಂತೆ ಅಂದು ಎಲ್ಲ ಕಿಟಕಿಗಳೂ ತೆರೆದಿದ್ದವು. ಗಾಳಿ ಘಾಟನ್ನೆಲ್ಲ ತಳ್ಳಿಕೊಂಡು ಉದ್ದದ ಕಾರಿಡಾರಿನೊಳಗೆ ನುಗ್ಗಿತು. ಮೊದಲ ಕೋಣೆ ಕೆಮ್ಮಿತು, ಎರಡನೆಯದು ಕೆಮ್ಮಿತು, ಕಡೆಗೆ ಇಡೀ ಮಹಡಿಯೇ ಕೆಮ್ಮಿತು. ಸರಿಯಾಗಿ ಅದೇ ಹೊತ್ತಿಗೆ, ಕಿಟಕಿಗಳು ತೆರೆದಿವೆಯೇ ಎಂದು ನೋಡಲು ಬಂದ ಆರೋಗ್ಯ ಸಮಿತಿಯವರನ್ನು ಕರೆದುಕೊಂಡು ವಾರ್ಡನ್ ಮೆಟ್ಟಿಲು ಹತ್ತಿ ಬಂದರು.

"ಅಯ್ಯೋ ಭಗವತಿ! ಬೆಳಿಗ್ಗೆ ಎಲ್ಲ ಸರಿಯಿದ್ದರಲ್ಲ!" ಎಂದರು ವಾರ್ಡನ್. ಅವರು ಹೇಳಿದ್ದು ಮಲಯಾಳಂನಲ್ಲೇ ಇರಬೇಕು, ನನ್ನೊಳಗೆ ಮಾತ್ರ ಕನ್ನಡದಲ್ಲಿ ಉಳಿದಿದೆ. "ಯಾರೂ ಕೋಣೆ ಬಿಡಬೇಡಿ. ಯಾರೂ ಊರಿಗೆ ಹೋಗುವ ಹಾಗಿಲ್ಲ!"

ಸಮಿತಿಯವರು ಮೂಗು ಮುಚ್ಚಿಕೊಂಡು ಅಷ್ಟರಲ್ಲೇ ಇಳಿದುಹೋಗಿದ್ದರು. ಮೆಣಸಿನಕಾಯಿ ಎಂದು ಹೇಳಲು ಬಾಯಿ ತೆರೆದರೆ ನನಗೂ ಕೆಮ್ಮೇ ಬಂತು.

ಆರೋಗ್ಯ ಕೇಂದ್ರದಿಂದ ಬಂದ ಡಾಕ್ಟರು ವಯಸ್ಸಾದವರು, ಎರಡು ಮಾಸ್ಕ್ ಹಾಕಿಕೊಂಡಿದ್ದರು. ಕಾರಿಡಾರಿನ ನಡುವೆ ನಿಂತು ಎರಡನ್ನೂ ಕೆಳಗೆ ಸರಿಸಿದರು, ಮೂಸಿ ನೋಡಿದರು, ಗೋಡೆ ಹಿಡಿದುಕೊಂಡು ಸೀನಿದರು.

"ಟೀಚರೇ, ಇದು ಪನಿಯಲ್ಲ, ಮುಳಗು," ಎಂದರು ವಾರ್ಡನ್ನರಿಗೆ. ಪನಿ ಎಂದರೆ ಜ್ವರ, ಮುಳಗು ಎಂದರೆ ಮೆಣಸಿನಕಾಯಿ. ಅಷ್ಟು ಮಲಯಾಳಂ ನನಗೂ ಬರುತ್ತಿತ್ತು.

ನಾನು ಬಾಣಲೆ ಹಿಡಿದುಕೊಂಡೇ ಹೊರಗೆ ಬಂದೆ. "ನಮ್ಮೂರ ಮೆಣಸಿನಕಾಯಿ ಡಾಕ್ಟರ್. ಬಣ್ಣ ಜಾಸ್ತಿ, ಖಾರ ಕಡಿಮೆ."

"ಕಡಿಮೆಯೇ?" ಎಂದು ಅವರು ಮತ್ತೊಮ್ಮೆ ಸೀನಿದರು. ಕೋಣೆಕೋಣೆಯಿಂದ ನಗು ಎದ್ದಿತು. ನಕ್ಕವರು ಮತ್ತೆ ಕೆಮ್ಮಿದರು. ವಾರ್ಡನ್ನರೂ ನಕ್ಕರು ಎಂದು ನನ್ನ ನೆನಪು. ಇರಲಿಕ್ಕಿಲ್ಲ.

ಡಾಕ್ಟರು ಒಪ್ಪಿಗೆಯನ್ನೇನೋ ಕೊಟ್ಟರು. ಆದರೆ ಹೋಗುತ್ತಿರುವುದು ಹಸುಗೂಸಿರುವ ಮನೆಗೆ ಎಂದು ತಿಳಿದಾಗ ಅವರ ನಗು ನಿಂತಿತು. "ಮೋಳೆ, ಮಾಸ್ಕ್ ತೆಗೆಯಬೇಡ. ಕೂಸಿನಿಂದ ಒಂದು ಕೈ ದೂರ ಇರು. ಇದೊಂದನ್ನು ತಮಾಷೆ ಮಾಡಬೇಡ," ಎಂದರು. ಮೋಳೆ ಎಂದರೆ ಮಗಳೇ. ನಾನು ತಲೆಯಾಡಿಸಿದೆ. ಕಿವಿಯಲ್ಲಿ ಹೆಸರು ಹೇಳುವ ವಿಷಯ ಬಾಯಿಗೆ ಬರಲಿಲ್ಲ.

ರೈಲಿನಲ್ಲಿ ಅದೇ ಯೋಚನೆ. ತಂಪಾನೂರಿನ ನಿಲ್ದಾಣದಲ್ಲಿ ಬೈಕ್ ತಂದು ಕಾಯುತ್ತಿದ್ದ ಅಣ್ಣನಿಗೆ ಚಟ್ನಿಪುಡಿ ಡಬ್ಬಿ ಕೊಟ್ಟು, ಡಾಕ್ಟರ ಮಾತನ್ನೂ ಹೇಳಿದೆ. ಫ್ಲ್ಯಾಟಿನಲ್ಲಿ ತೊಟ್ಟಿಲು ಸಿಂಗರಿಸಿಟ್ಟಿದ್ದರು. ಅಣ್ಣನ ಹೆಂಡತಿ, ನಮ್ಮ ವೈನಿ, ನನ್ನ ಮಾಸ್ಕ್ ನೋಡಿ ಕೂಸನ್ನು ಎದೆಗೊತ್ತಿಕೊಂಡರು. ತಪ್ಪು ತಿಳಿಯಲಿಲ್ಲ, ನಾನೂ ಅದನ್ನೇ ಮಾಡುತ್ತಿದ್ದೆ.

"ಮೊಬೈಲಿನ್ಯಾಗ ಹೇಳಲಿ, ಸ್ಪೀಕರ್ ಹಾಕೂಣು," ಎಂದ ಅಣ್ಣ.

"ನಿನ್ನ ಮೊಬೈಲು ಯಾವಾಗಿಂದ ಸೋದರತ್ತಿ ಆತೋ?" ಎಂದಳು ಅವ್ವ. "ಬಾಯಿಂದ ಹೋಗಿ ಕಿವಿಗೆ ಬೀಳಬೇಕು."

ಪಕ್ಕದ ಮನೆಯ ಚೇಚಿ, ಅಂದರೆ ಅಕ್ಕ, ಹೂ ಕಟ್ಟುತ್ತ ಕೂತಿದ್ದರು. ಅಣ್ಣನಿಂದ ವಿಷಯವೇನೆಂದು ಕೇಳಿ ತಿಳಿದುಕೊಂಡು ಎದ್ದು ಹೋದರು. ಬರುವಾಗ ಅವರ ಕೈಯಲ್ಲಿ ಅಕ್ಕಿಹಿಟ್ಟಿನ ಪುಟ್ಟು ಬೇಯಿಸುವ ಸ್ಟೀಲಿನ ಕೊಳವೆ. ಒಳಗಿನ ತೂತಿನ ಬಿಲ್ಲೆ ತೆಗೆದು, ಕುದಿವ ನೀರಿನಲ್ಲಿ ಅದ್ದಿ ತಂದಿದ್ದರು. "ಇದರಲ್ಲಿ ಹೇಳು, ಮೋಳೆ."

ಆದರೆ ಕೊಳವೆ ಒಂದು ಕೈ ಉದ್ದವಿರಲಿಲ್ಲ. ನಾನು ತೋಳು ಚಾಚಿ, ಕತ್ತು ಹಿಂದೆ ಎಳೆದು, ಮಾಸ್ಕಿನೊಳಗಿಂದಲೇ ಹೇಳಬೇಕಾಯಿತು. ವೈನಿ ಮೊದಲು ತಮ್ಮ ಕಿವಿಗೇ ಇಟ್ಟು ನೋಡಿ, ನಕ್ಕು, ಆಮೇಲೆ ಅದರ ತುದಿಯನ್ನು ಕೂಸಿನ ಕಿವಿಯ ಹತ್ತಿರ ಹಿಡಿದುಕೊಂಡರು.

"ಕುರ್ರ್..." ಎಂದೆ. ಕೊಳವೆಯಲ್ಲಿ ಅದು ದೂರದ ರೈಲಿನಂತೆ ಗುಂಯ್‌ಗುಟ್ಟಿತು. ಅಳುತ್ತಿದ್ದ ಕೂಸು ಗಪ್ಪನೆ ನಿಲ್ಲಿಸಿ ಕಣ್ಣು ಬಿಟ್ಟಿತು. ನಾನು ಹೆಸರು ಹೇಳಿದೆ. ಅದು ನಕ್ಕಿತೆಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಅಷ್ಟು ಚಿಕ್ಕ ಕೂಸು ನಗುವುದಿಲ್ಲ, ಅದು ಹೊಟ್ಟೆಯ ವಾಯು ಎಂದು ಅಣ್ಣ ಈಗಲೂ ವಾದಿಸುತ್ತಾನೆ. ಕೊಳವೆಯೂ ಸ್ಟೀಲಿನದಲ್ಲ, ಬಿದಿರಿನದು ಎನ್ನುತ್ತಾನೆ. ಇರಬಹುದು.

ಗುದ್ದುಗಳ ವಿಷಯದಲ್ಲಿ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ. ಮೊದಲನೆಯದು ಅವ್ವನದು, ಧಾರವಾಡದ ಅಳತೆಯದು. ಎರಡನೆಯದು, ಆ ಪದ್ಧತಿಯನ್ನು ಅಂದೇ ಕಲಿತು ಮೆಚ್ಚಿಕೊಂಡ ಚೇಚಿಯದು. ಬೆನ್ನಿನ ಕಡೆಗೆ ದೂರದ ನಿಯಮ ಯಾರೂ ಮಾಡಿರಲಿಲ್ಲ.