ಬೀರಲಿಂಗಪ್ಪನ ಪಾಲಿನ ಅಳು

ಅಮೀನಗಡದ ಆಚೆ ಬಸ್ಸಿಳಿದು ನಡೆದು ಹೋಗುವ ಆ ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಗುರುಲಿಂಗವ್ವನಿಗೆ ಹೇಳಿ ಕಳಿಸುತ್ತಿದ್ದರು. ಹೆಣದ ಮುಂದೆ ಹಾಡಿಕೊಂಡು ಅಳುವುದು ಅಲ್ಲಿನ ಎಲ್ಲ ಹೆಂಗಸರಿಗೂ ಬರುತ್ತದೆ. ಗುರುಲಿಂಗವ್ವನಿಗೆ ಬಂದ ಹಾಗೆ ಬರುವುದಿಲ್ಲ. ಅವಳು ಸತ್ತವರ ತಲೆಯ ಹತ್ತಿರ ಕೂತು, ಸೆರಗು ಹಣೆಯವರೆಗೆ ಎಳೆದುಕೊಂಡು, ಅವರು ಏನು ಇಷ್ಟಪಟ್ಟು ಉಣ್ಣುತ್ತಿದ್ದರು, ಯಾವ ಕಾಲು ಎಳೆದು ನಡೆಯುತ್ತಿದ್ದರು, ಎಮ್ಮೆಯನ್ನು ಏನೆಂದು ಕರೆಯುತ್ತಿದ್ದರು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹಾಡುತ್ತಿದ್ದಳು. ಇಲ್ಲದ ಗುಣ ಸೇರಿಸುತ್ತಿರಲಿಲ್ಲ. ಸಿಟ್ಟಿನ ಮನುಷ್ಯನಾಗಿದ್ದರೆ ಸಿಟ್ಟನ್ನೂ ಅಳುತ್ತಿದ್ದಳು. ಸುತ್ತ ಕೂತವರು ಸಾಲಿನ ಕೊನೆಯ ಮಾತು ಹಿಡಿದು ದನಿಗೂಡಿಸುತ್ತಿದ್ದರು. ಆಮೇಲೆಯೇ ಹೆಣ ಎತ್ತುವುದು. ಅಳದೆ ಎತ್ತಿದರೆ ಆ ಮನುಷ್ಯ ಈ ಊರಿನಲ್ಲಿ ಇರಲೇ ಇಲ್ಲ ಎಂದ ಹಾಗಾಗುತ್ತದೆ ಎಂದು ಅವಳು ನಂಬಿದ್ದಳು.

ಅವಳ ಗಂಡ ಬೀರಲಿಂಗಪ್ಪ ಕುರಿ ಕಾಯುವವನು. ಅವಳು ಅತ್ತು ಮನೆಗೆ ಬಂದಾಗಲೆಲ್ಲ ಕೆಣಕುತ್ತಿದ್ದ.

"ಊರ ಮಂದಿಗೆಲ್ಲಾ ಅಳ್ತಿ. ನನ್ನ ಪಾಲಿಂದು ಒಂದೀಟು ಉಳಸಿ ಇಡ ಮತ್ತ."

"ನೀ ಮೊದಲ ಸಾಯಿ, ಆಮ್ಯಾಲೆ ನೋಡೂಣು. ನಿನ್ನ ಗೊರಕಿನೂ ಬಿಡೂದಿಲ್ಲ, ಹಾಡ್ತೇನಿ."

"ತಂಬಾಕದ್ದು ಒಂದು ಬಿಡ ಮಾರಾಯ್ತಿ."

"ಅದನ್ನ ಮೊದಲ ಹಾಡ್ತೇನಿ."

ದೇಶಕ್ಕೆಲ್ಲ ಹಬ್ಬಿದ ಬೇನೆ ಎರಡನೆಯ ಸಲ ಬಂದ ಬೇಸಿಗೆಯಲ್ಲಿ ಪಂಚಾಯ್ತಿಯ ಗೌತಮ ಟಂಟಂ ಗಾಡಿಗೆ ಮೈಕು ಕಟ್ಟಿಕೊಂಡು ಓಣಿ ಓಣಿ ತಿರುಗಿದ. ಮಾಸ್ಕ್ ಇಲ್ಲದೆ ಹೊರಗೆ ಬರಬೇಡಿ, ಸೆರಗು ಮುಚ್ಚಿಕೊಂಡರೆ ನಡೆಯುವುದಿಲ್ಲ, ಸತ್ತಲ್ಲಿ ಗುಂಪು ಸೇರಬೇಡಿ. ಹುಟ್ಟಿದಾಗಿನಿಂದ ಸೆರಗಿನಲ್ಲೇ ಬಾಯಿ ಮುಚ್ಚಿದ ಹೆಂಗಸರು ನಕ್ಕರು. ಗುರುಲಿಂಗವ್ವ ನಗಲಿಲ್ಲ. ಹೇಳಿದ ಹಾಗೆ ಕಟ್ಟಿಕೊಂಡಳು.

ಆ ತಿಂಗಳೇ ಬೀರಲಿಂಗಪ್ಪನಿಗೆ ಉಸಿರು ಸಾಲದೆ ನವನಗರದ ದವಾಖಾನೆಗೆ ಒಯ್ದರು. ಒಳಗೆ ಯಾರನ್ನೂ ಬಿಡಲಿಲ್ಲ. ತಿರುಗಿ ಬಂದದ್ದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹೆಣ. ಗಾಡಿ ಮನೆಯ ಮುಂದೆ ನಿಲ್ಲದೆ ನೆಟ್ಟಗೆ ಊರ ಹೊರಗೆ ಮಣ್ಣು ಮಾಡುವ ಜಾಗಕ್ಕೆ ಹೋಯಿತು. ಬಿಳಿ ಅಂಗಿಯವರು ಇಳಿಸಿದರು. ಗುರುಲಿಂಗವ್ವನನ್ನು ದೂರದ ಬೇವಿನ ಗಿಡದ ಕೆಳಗೆ ನಿಲ್ಲಿಸಿದ್ದರು. ಹಣೆಗೆ ಹಚ್ಚಬೇಕೆಂದು ತಂದ ಬೀರಪ್ಪ ದೇವರ ಭಂಡಾರ, ಆ ಅರಿಸಿನ ಪುಡಿ, ಸೆರಗಿನ ಗಂಟಿನಲ್ಲೇ ಇತ್ತು.

ಅವಳು ಮಾಸ್ಕನ್ನು ಗದ್ದಕ್ಕೆ ಎಳೆದು ಸುರುಮಾಡಿದಳು.

"ಮಳ್ಯಾಗ ಹುಟ್ಟಿದ ಮರೀನ ಕಂಬಳ್ಯಾಗ ಸುತಗೊಂಡು ಬಂದಿ ನನ ದೊರಿಯೇ..."

ಗೌತಮ ಓಡಿ ಬಂದ. "ಯವ್ವಾ, ಮ್ಯಾಲ ಏರಸ್ರಿ. ಸಾಹೇಬರು ನೋಡಾಕತ್ತಾರ. ನನ್ನ ನೌಕರಿ ಹೋಗ್ತೈತಿ."

"ನಿಮ್ಮಾಯಿ ಸತ್ತಾಗ ಹಾಡಿ ಅತ್ತಾಕಿ ನಾನೋ ಗೌತಮ."

"ಗೊತ್ತೈತ್ರಿ ಯವ್ವಾ. ಏರಸ್ರಿ."

ಅವನ ಕಣ್ಣಲ್ಲಿ ನೀರಿತ್ತು. ಅವಳು ಏರಿಸಿದಳು. ಬಟ್ಟೆಯೊಳಗೆ ಮತ್ತೆ ಹಾಡಲು ನೋಡಿದಳು. ಬಿಸಿ ಉಸಿರು ಮೂಗಿಗೇ ಬಡಿಯಿತು, ಮಾತು ಹೊರಗೆ ಹೋಗಲಿಲ್ಲ. ದನಿಗೂಡಿಸಲು ಅಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಅಷ್ಟರಲ್ಲಿ ಮಣ್ಣು ಎಳೆದು ಮುಗಿಸಿದ್ದರು. ಹಾಡು ಅರ್ಧಕ್ಕೆ ನಿಂತಿತು.

ಮನೆಗೆ ಬಂದು ಮೈ ತೊಳೆದುಕೊಂಡಳು, ರೊಟ್ಟಿ ಬಡಿದಳು. ಅಳು ಬರಲಿಲ್ಲ. ಮರುದಿನವೂ ಬರಲಿಲ್ಲ. ಬರಬೇಕೆಂದು ಕಾದು ಕೂತಳು, ಹಾಲು ಉಕ್ಕುವುದನ್ನು ಕಾಯುವ ಹಾಗೆ. ಕುರಿಗಳನ್ನು ಮೈದುನ ಹೊಡೆದುಕೊಂಡು ಹೋದ. ಹಟ್ಟಿ ಖಾಲಿಯಾಯಿತು. ಅದನ್ನೂ ನೋಡುತ್ತ ನಿಂತಳು.

ಬೇನೆ ಇಳಿಯಿತು. ಮೈಕಿನ ಗಾಡಿ ನಿಂತಿತು, ಬಸ್ಸಿನಲ್ಲಿ ಮಾಸ್ಕು ಕೇಳುವುದೂ ನಿಂತಿತು. ಊರೆಲ್ಲ ಮಾಸ್ಕು ಬಿಚ್ಚಿ ಎಸೆದರೂ ಗುರುಲಿಂಗವ್ವ ಬಿಚ್ಚಲಿಲ್ಲ. ದಿನಾ ಒಗೆದು, ಒಣಗಿಸಿ, ಕಟ್ಟಿಕೊಳ್ಳುತ್ತಿದ್ದಳು. ಅದು ಬಾಯ ಮೇಲಿದ್ದರೆ ಯಾರೂ ಅವಳನ್ನು ಅಳಲು ಕರೆಯುತ್ತಿರಲಿಲ್ಲ. ಗಂಡನಿಗೆ ಅಳದ ಬಾಯಿಯಿಂದ ಬೇರೆಯವರಿಗೆ ಹೇಗೆ ಅಳುವುದು?

ಮರುವರ್ಷ ಶಾರವ್ವ ತೀರಿಕೊಂಡಳು. ಗುರುಲಿಂಗವ್ವನ ವಾರಿಗೆಯವಳು, ಅಮೀನಗಡದಲ್ಲಿ ಕರದಂಟಿನ ಅಂಗಡಿಯಲ್ಲಿ ದುಡಿದವಳು. ವಯಸ್ಸಾಗಿತ್ತು, ಮಲಗಿದಲ್ಲೇ ಹೋದಳು. ಸೊಸೆ ರಾಧಿಕಾ ತಾನೇ ಕರೆಯಲು ಬಂದಳು. ಹೋಗದೆ ಇರಲಾಗಲಿಲ್ಲ. ಹೋಗಿ ಗೋಡೆಗೆ ಒರಗಿ ಕೂತಳು.

"ಅದೇನ ಬೇ, ಎತ್ತಿಗೆ ಬಾಯಿಕುಕ್ಕಿ ಕಟ್ಟಿದಂಗ?" ಎಂದಳು ಮುದುಕಿ ಮಾಯವ್ವ. ಊರಲ್ಲಿ ಎಲ್ಲರಿಗಿಂತ ಹಿರಿಯಳು. "ಬಿಚ್ಚು. ಈ ಹುಡಿಗ್ಯಾರು ಬರೇ ಮೂಗ ಒರಸ್ತಾರ, ಶಾರವ್ವ ಹಂಗ ಹೋಗಬೇಕೇನು?"

ಗುರುಲಿಂಗವ್ವ ಮಾಸ್ಕು ಬಿಚ್ಚಿ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಲೆಯ ಹತ್ತಿರ ಬಂದು ಕೂತಳು. ಬಾಯಿಗೆ ಗಾಳಿ ತಾಗಿ ತಣ್ಣಗೆನಿಸಿತು.

"ಬೆಲ್ಲದ ಪಾಕ ತಿರುವಿದ ಕೈಯಬೇ ನನ ಗೆಳತಿ, ಮೊಮ್ಮಕ್ಕಳ ತಲೀಗೆಲ್ಲಾ ಅಂಟು ಹಚ್ಚಿದ ಕೈಯ..."

ಹೆಂಗಸರು ದನಿಗೂಡಿಸಿದರು. ಗಂಟಲು ತನ್ನಷ್ಟಕ್ಕೆ ತಾನೇ ಹಾಡುತ್ತಿತ್ತು. ಶಾರವ್ವನ ಮೊಣಕಾಲ ನೋವು, ಅವಳ ಕೆಟ್ಟ ಬಾಯಿ, ಎಲ್ಲ ಬಂತು. ಆಮೇಲೆ ಬಂತು:

"ಮಳ್ಯಾಗ ಹುಟ್ಟಿದ ಮರೀನ ಕಂಬಳ್ಯಾಗ ಸುತಗೊಂಡು ಬಂದಿ, ನೀ ಮಾತ್ರ ತೊಯಿಸಿಗೊಂಡ ಬಂದಿ..."

ರಾಧಿಕಾ ತಲೆ ಎತ್ತಿದಳು. "ನಮ್ಮ ಅತ್ತಿ ಯಾವಾಗ ಕುರಿ ಕಾದಿದ್ಲು?"

"ಸುಮ್ಕಿರ," ಮಾಯವ್ವ ಅವಳ ತೊಡೆ ಚಿವುಟಿದಳು. "ಅದು ಆಕಿ ಗಂಡಂದು. ಆಗಲಿ, ಶಾರವ್ವಗೇನ ಅವಸರ ಇಲ್ಲ."

ಗುರುಲಿಂಗವ್ವನಿಗೆ ತಪ್ಪಿದ್ದು ಗೊತ್ತಾಯಿತು. ನಿಲ್ಲಿಸಲು ನೋಡಿದಳು. ಆದರೆ ಹೆಂಗಸರು ಆ ಸಾಲಿನ ಕೊನೆ ಹಿಡಿದಾಗಿತ್ತು. ಮುಂದಿನ ಸಾಲನ್ನು ಕೊಡಲೇಬೇಕಾಯಿತು. ತಂಬಾಕದ ಚೀಲ ಕೊಟ್ಟಳು. ಗೊರಕೆ ಕೊಟ್ಟಳು. ಅವನು ತಾನು ಉಣ್ಣುವ ಮೊದಲು ನಾಯಿಗೆ ಮುರಿದು ಹಾಕುತ್ತಿದ್ದ ರೊಟ್ಟಿಯ ತುಂಡು ಕೊಟ್ಟಳು. ಒಂದನ್ನೂ ಬಿಡಲಿಲ್ಲ. ಮುಗಿದ ಮೇಲೆ ಶಾರವ್ವನಿಗೆ ತಿರುಗಿ ಬಂದು ಅವಳದ್ದನ್ನೂ ಮುಗಿಸಿದಳು. ಹೆಣ ಎತ್ತಿದರು.

ತಿರುಗಿ ಬರುವಾಗ ಮಾಯವ್ವ ಅವಳ ರಟ್ಟೆ ಹಿಡಿದುಕೊಂಡು ನಡೆದಳು.

"ಎದಿ ಹಗರ ಆತೇನ?"

ಇಲ್ಲದ್ದನ್ನು ಹೇಳುವ ರೂಢಿ ಗುರುಲಿಂಗವ್ವನಿಗಿರಲಿಲ್ಲ.

"ಗಂಟಲ ನೋಯಾಕತ್ತೈತಿ," ಎಂದಳು. "ಮತ್ತೇನಿಲ್ಲ."